ಜೆಎಸ್‌ಪಿ ಪುಟದ ಒಳಗೆ ನಡೆಯುವುದೇನು? ಕಂಪೈಲ್, ಮ್ಯಾಪಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್) ಮೇಲೆ ಜೆಎಸ್‌ಪಿ (ಜಾವಾ ಬೆರೆಸಿ ಬರೆಯುವ ವೆಬ್ ಪುಟ) ಓಡಿಸುವವರು ನನ್ನನ್ನು ಕೇಳುವ ಪ್ರಶ್ನೆಗಳು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಕೇಳುವವರು ಮಾತ್ರ ಬದಲಾಗಿದ್ದಾರೆ. ಕೆಲವರು ಕಾಲೇಜು ಪ್ರಾಜೆಕ್ಟ್‌ನವರು, ಇನ್ನು ಕೆಲವರು ಯಾರೋ ಹದಿನೈದು ವರ್ಷದ ಹಿಂದೆ ಬರೆದಿಟ್ಟು ಹೋದ ಅಪ್ಲಿಕೇಶನ್ ತಲೆಗೆ ಕಟ್ಟಿಸಿಕೊಂಡವರು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಫೈಲು, ಫೋಲ್ಡರುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್‌ನಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

## ಮೊದಲ ಪಾಠ

ಜೆಎಸ್‌ಪಿ ಅಂದ್ರೆ ಎಚ್‌ಟಿಎಂಎಲ್ ಒಳಗೆ ಸ್ವಲ್ಪ ಜಾವಾ, ಅಷ್ಟೇ ತಾನೆ? ಅದನ್ನ ಯಾಕೆ ಕಂಪೈಲ್ ಮಾಡ್ಬೇಕು?

ಬರೆಯುವಾಗ ಹಾಗೆ ಕಾಣುತ್ತದೆ. ಓಡುವಾಗ ಪೂರ್ತಿ ತಿರುಗುಮುರುಗು, ಜಾವಾ ಒಳಗೆ ಎಚ್‌ಟಿಎಂಎಲ್. ಟಾಮ್‌ಕ್ಯಾಟ್ ಒಳಗೆ ಜ್ಯಾಸ್ಪರ್ ಅಂತ ಒಂದು ಭಾಗ ಇದೆ. ಅದು ನಿಮ್ಮ ಪುಟವನ್ನು ಓದಿ, ಅದರಿಂದ ಒಂದು ಜಾವಾ ಕ್ಲಾಸ್ ಬರೆಯುತ್ತದೆ. ನಿಮ್ಮ ಎಚ್‌ಟಿಎಂಎಲ್ ಸಾಲುಗಳೆಲ್ಲ ಆ ಕ್ಲಾಸ್‌ನಲ್ಲಿ 'ಔಟ್.ರೈಟ್' ಕರೆಗಳಾಗಿ ಕೂತಿರುತ್ತವೆ. ಆ ಕ್ಲಾಸ್ ಒಂದು ಸರ್ವ್‌ಲೆಟ್. ಬ್ರೌಸರ್‌ಗೆ ಉತ್ತರ ಕೊಡುವುದು ಅದೇ, ನಿಮ್ಮ ಜೆಎಸ್‌ಪಿ ಫೈಲ್ ಅಲ್ಲ.

ಜೆಎಸ್‌ಪಿ ಬರುವ ಮುಂಚೆ ಜನ ಈ ಸರ್ವ್‌ಲೆಟ್‌ಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಒಂದು ಟೇಬಲ್ ತೋರಿಸಲು ಐವತ್ತು ಪ್ರಿಂಟ್ ಸಾಲು, ಪ್ರತಿ ಕೋಟ್ ಗುರುತಿಗೂ ಹಿಂದೆ ಒಂದು ಅಡ್ಡ ಗೀಟು. 1999ರಲ್ಲಿ ಸನ್ ಕಂಪನಿ ಜೆಎಸ್‌ಪಿ 1.0 ತಂದಾಗ ಆ ಕೂಲಿ ಕೆಲಸ ಯಂತ್ರದ ಪಾಲಾಯಿತು. ಟಾಮ್‌ಕ್ಯಾಟ್ ಆದ ಕೋಡನ್ನು ಸನ್ ಅಪಾಚೆಗೆ ಕೊಟ್ಟಿದ್ದೂ ಅದೇ ವರ್ಷ.

ಆ ಜಾವಾ ಫೈಲ್ ಎಲ್ಲಿದೆ? ನನಗೆ ಎಲ್ಲೂ ಕಾಣಿಸ್ತಾ ಇಲ್ಲ

ಟಾಮ್‌ಕ್ಯಾಟ್ ಫೋಲ್ಡರ್ ಒಳಗೆ ವರ್ಕ್/ಕ್ಯಾಟಲಿನಾ/ಲೋಕಲ್‌ಹೋಸ್ಟ್, ಆಮೇಲೆ ನಿಮ್ಮ ಅಪ್ಲಿಕೇಶನ್ ಹೆಸರು, ಅದರೊಳಗೆ ಆರ್ಗ್/ಅಪಾಚೆ/ಜೆಎಸ್‌ಪಿ. ಅಲ್ಲಿ ಇಂಡೆಕ್ಸ್_ಜೆಎಸ್‌ಪಿ.ಜಾವಾ ಮತ್ತು ಅದರದೇ ಕ್ಲಾಸ್ ಫೈಲ್ ಜೋಡಿಯಾಗಿ ಇರುತ್ತವೆ. ಎಕ್ಲಿಪ್ಸ್‌ನಿಂದ ಓಡಿಸುತ್ತಿದ್ದರೆ ಈ ವರ್ಕ್ ಫೋಲ್ಡರ್ ಸಾಮಾನ್ಯವಾಗಿ ವರ್ಕ್‌ಸ್ಪೇಸ್‌ನ ಮೆಟಾಡೇಟಾ ಒಳಗೆ, 'ಟಿಎಂಪಿ0' ಅನ್ನುವ ಫೋಲ್ಡರ್‌ನಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಹುಡುಗರಿಗೆ ಸಿಗದೇ ಇರುವುದು ಇದಕ್ಕೇ.

ಹೆಸರು ವಿಚಿತ್ರ ಕಂಡರೆ ಗಾಬರಿ ಬೇಡ. ಜಾವಾ ಹೆಸರಿನಲ್ಲಿ ಹೈಫನ್ ಇರುವಂತಿಲ್ಲ, ಹಾಗಾಗಿ ಅದರ ಜಾಗಕ್ಕೆ ಅದರ ಹೆಕ್ಸ್ ಸಂಖ್ಯೆ ಬರುತ್ತದೆ, _002ಡಿ ಅಂತ. ಅಂಡರ್‌ಸ್ಕೋರ್‌ಗೆ _005ಎಫ್. ಎರರ್ ಲಾಗ್‌ನಲ್ಲಿ 'ವೆಬ್_002ಡಿಇನ್ಫ್' ಅಂತ ನೋಡಿದ್ದೀರಲ್ಲ, ಅದು ವೈರಸ್ ಅಲ್ಲ, ವೆಬ್-ಇನ್ಫ್ ಫೋಲ್ಡರ್ ಅಷ್ಟೇ.

ಒಂದು ಮಾತು. ಇದನ್ನು ಓದುವುದು ನಿಲ್ಲಿಸಿ ಈಗಲೇ ಹೋಗಿ ಆ ಫೈಲ್ ಒಂದನ್ನು ತೆರೆದು ನೋಡಿ. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

<% %>, <%= %>, <%! %> ಈ ಮೂರರಲ್ಲಿ ಏನು ವ್ಯತ್ಯಾಸ? ಎಲ್ಲದರಲ್ಲೂ ಜಾವಾ ಬರೀಬಹುದಲ್ಲ

ತಯಾರಾದ ಕ್ಲಾಸ್‌ನಲ್ಲಿ '_ಜೆಎಸ್‌ಪಿಸರ್ವಿಸ್' ಅಂತ ಒಂದು ಮೆಥಡ್ ಇರುತ್ತದೆ. ಪ್ರತಿ ರಿಕ್ವೆಸ್ಟ್‌ಗೂ ಓಡುವುದು ಅದು. <% %> ಒಳಗಿನದು ಹಾಗೇ ಆ ಮೆಥಡ್ ಒಳಗೆ ಹೋಗುತ್ತದೆ. <%= %> ಒಳಗಿನದು ಅದೇ ಮೆಥಡ್‌ನಲ್ಲಿ ಪ್ರಿಂಟ್ ಆಗುತ್ತದೆ. ಅದಕ್ಕೇ ಅದರ ಕೊನೆಗೆ ಸೆಮಿಕೋಲನ್ ಹಾಕಿದರೆ ಎರರ್, ಆವರಣದ ಒಳಗೆ ಯಾರಾದರೂ ಸೆಮಿಕೋಲನ್ ಹಾಕುತ್ತಾರಾ? ರಿಕ್ವೆಸ್ಟ್, ಸೆಷನ್, ಔಟ್ ಇವನ್ನೆಲ್ಲ ಡಿಕ್ಲೇರ್ ಮಾಡದೇ ಬಳಸುತ್ತೀರಲ್ಲ, ಅವು ಈ ಮೆಥಡ್‌ನ ಸ್ಥಳೀಯ ವೇರಿಯಬಲ್‌ಗಳು.

<%! %> ಮಾತ್ರ ಮೆಥಡ್‌ನ ಹೊರಗೆ ಹೋಗುತ್ತದೆ, ಕ್ಲಾಸ್‌ನ ಫೀಲ್ಡ್ ಆಗಿ. ಸರ್ವರ್‌ನಲ್ಲಿ ಆ ಕ್ಲಾಸ್‌ನ ಆಬ್ಜೆಕ್ಟ್ ಇರುವುದು ಒಂದೇ, ಬರುವ ಗಿರಾಕಿಗಳೆಲ್ಲರಿಗೂ ಅದೇ ಒಂದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಲಾಗಿನ್ ಆದವರ ಹೆಸರನ್ನು <%! %> ಒಳಗಿನ ವೇರಿಯಬಲ್‌ಗೆ ಹಾಕಿದ್ದೆ. ನನ್ನ ಮಷಿನ್‌ನಲ್ಲಿ ಬಳಸುವವನು ನಾನೊಬ್ಬನೇ, ಎಲ್ಲಾ ಚೆನ್ನಾಗಿತ್ತು. ಪ್ರೊಡಕ್ಷನ್‌ಗೆ ಹೋದ ದಿನ ಒಬ್ಬರಿಗೆ ಇನ್ನೊಬ್ಬರ ಹೆಸರಿನಲ್ಲಿ 'ನಮಸ್ಕಾರ' ಬಂತು. ಎರಡು ದಿನ ಡೇಟಾಬೇಸ್ ಮೇಲೆ ಅನುಮಾನ ಪಟ್ಟೆ. ಮೂರನೇ ದಿನ ಒಬ್ಬ ಹಿರಿಯರು ವರ್ಕ್ ಫೋಲ್ಡರ್ ತೆರೆದು, ಒಂದೂ ಮಾತಾಡದೆ ಆ ಸಾಲಿನ ಮೇಲೆ ಬೆರಳಿಟ್ಟರು.

ಮೊದಲ ಸಲ ಪುಟ ತೆರೆಯೋಕೆ ಅಷ್ಟು ಹೊತ್ತು, ಆಮೇಲೆ ಸಲೀಸು. ಯಾಕೆ ಹಿಂಗೆ?

ಮೊದಲ ಸಲ ಎರಡು ಕೆಲಸ ಆಗುತ್ತವೆ. ಜೆಎಸ್‌ಪಿಯಿಂದ ಜಾವಾ, ಜಾವಾದಿಂದ ಕ್ಲಾಸ್. ಅದೇ ಪುಟಕ್ಕೆ ಆಗ ಬಂದ ಬೇರೆಯವರೂ ಸಾಲಿನಲ್ಲಿ ಕಾಯುತ್ತಾರೆ. ಎರಡನೇ ಸಲದಿಂದ ಕ್ಲಾಸ್ ಸಿದ್ಧವಾಗಿರುತ್ತದೆ, ಆಮೇಲೆ ಕೈಯಲ್ಲಿ ಬರೆದ ಸರ್ವ್‌ಲೆಟ್‌ಗೂ ಇದಕ್ಕೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದರೂ ವರ್ಕ್ ಫೋಲ್ಡರ್ ಉಳಿದಿದ್ದರೆ ಮತ್ತೆ ಕಂಪೈಲ್ ಆಗುವುದಿಲ್ಲ.

ಸರ್ವರ್‌ನಲ್ಲಿ ಜೆಡಿಕೆ ಇಲ್ಲ, ಬರೀ ಜೆಆರ್‌ಇ ಇದೆ. ಆದ್ರೂ ಕಂಪೈಲ್ ಆಗ್ತಿದೆಯಲ್ಲ?

ಜೆಆರ್‌ಇ ಜಾವಾ ಓಡಿಸುತ್ತದೆ ಅಷ್ಟೇ, ಕಂಪೈಲರ್ ಇರುವುದು ಜೆಡಿಕೆಯಲ್ಲಿ, ನಿಜ. ಆದರೆ ಟಾಮ್‌ಕ್ಯಾಟ್ 5.5ರಿಂದ ಎಕ್ಲಿಪ್ಸ್‌ನ ಜಾವಾ ಕಂಪೈಲರ್ ಅದರ ಲಿಬ್ ಫೋಲ್ಡರ್‌ನಲ್ಲೇ ಬರುತ್ತದೆ, ಇಸಿಜೆ ಅನ್ನುವ ಜಾರ್ ಫೈಲ್ ಆಗಿ. ಒಂದು ಎಡವಟ್ಟು ಮಾತ್ರ ನೆನಪಿರಲಿ. ಜೆಎಸ್‌ಪಿ ಒಳಗಿನ ಜಾವಾ ಯಾವ ಆವೃತ್ತಿಯ ನಿಯಮದಲ್ಲಿ ಕಂಪೈಲ್ ಆಗಬೇಕು ಅನ್ನುವುದಕ್ಕೆ ಜ್ಯಾಸ್ಪರ್‌ಗೆ ಬೇರೆಯೇ ಸೆಟ್ಟಿಂಗ್ ಇದೆ. ನಿಮ್ಮ ಪ್ರಾಜೆಕ್ಟ್ ಹೊಸ ಜಾವಾದಲ್ಲಿದ್ದರೂ ಜೆಎಸ್‌ಪಿಯಲ್ಲಿ ಹೊಸ ಸಿಂಟ್ಯಾಕ್ಸ್ ಎರರ್ ಕೊಟ್ಟರೆ ಮೊದಲು ಅದನ್ನು ನೋಡಿ.

## ಕಂಪೈಲ್ ತರಲೆಗಳು

ಫೈಲ್ ಬದಲಾಯಿಸಿದೆ, ಪುಟ ಮಾತ್ರ ಹಳೇದೇ ಬರ್ತಿದೆ. ತಲೆ ಕೆಟ್ಟೋಗಿದೆ

ಮೊದಲು ನೀವು ಬದಲಿಸಿದ್ದು ಸರಿಯಾದ ಫೈಲಾ ನೋಡಿ. ಸುಮ್ನೆ ಹೇಳುತ್ತಿಲ್ಲ, ಹೆಚ್ಚಿನ ಸಲ ಜನ ಪ್ರಾಜೆಕ್ಟ್‌ನ ಫೈಲ್ ಬದಲಿಸಿರುತ್ತಾರೆ, ಟಾಮ್‌ಕ್ಯಾಟ್ ಓದುತ್ತಿರುವುದು ವೆಬ್‌ಆ್ಯಪ್ಸ್ ಫೋಲ್ಡರ್‌ನ ಇನ್ನೊಂದು ನಕಲನ್ನು.

ಅದು ಸರಿ ಇದ್ದರೆ ಜ್ಯಾಸ್ಪರ್‌ನ 'ಡೆವಲಪ್‌ಮೆಂಟ್' ಸೆಟ್ಟಿಂಗ್ ನೋಡಿ. ಅದು ಮೊದಲಿಂದಲೇ ಆನ್ ಇರುತ್ತದೆ. ಆನ್ ಇದ್ದರೆ ರಿಕ್ವೆಸ್ಟ್ ಬಂದಾಗ ಫೈಲ್ ಬದಲಾಗಿದೆಯಾ ಅಂತ ನೋಡುತ್ತದೆ, ಆದರೆ ಒಂದು ಸಲ ನೋಡಿದ ಮೇಲೆ 4 ಸೆಕೆಂಡ್ ಮತ್ತೆ ನೋಡುವುದಿಲ್ಲ. ಸೇವ್ ಮಾಡಿದ ಕೂಡಲೇ ರಿಫ್ರೆಶ್ ಒತ್ತುವವರಿಗೆ ಈ 4 ಸೆಕೆಂಡೇ ದೆವ್ವ. ಪ್ರೊಡಕ್ಷನ್‌ನಲ್ಲಿ ಅದನ್ನು ಆಫ್ ಮಾಡಿ, 'ಚೆಕ್ ಇಂಟರ್ವಲ್' ಸೊನ್ನೆಯಲ್ಲೇ ಬಿಟ್ಟಿದ್ದರೆ ರೀಸ್ಟಾರ್ಟ್ ಆಗುವವರೆಗೆ ಯಾವ ಬದಲಾವಣೆಯೂ ಕಾಣುವುದಿಲ್ಲ.

ಮೂರನೆಯದು ಫೈಲ್‌ನ ತಾರೀಖು. ಹಳೆಯ ಟಾಮ್‌ಕ್ಯಾಟ್‌ಗಳು ಜೆಎಸ್‌ಪಿಯ ತಾರೀಖು ಕ್ಲಾಸ್‌ಗಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ಕಂಪೈಲ್ ಮಾಡುತ್ತಿದ್ದವು. ಹೊಸ ಡಿಪ್ಲಾಯ್ ಕೆಟ್ಟಿತು ಅಂತ ಹಿಂದಿನ ವಾರದ ಬ್ಯಾಕಪ್ ವಾಪಸ್ ಹಾಕಿದರೆ ತಾರೀಖು ಹಳೆಯದು, ಹಾಗಾಗಿ ಕೆಟ್ಟ ಕ್ಲಾಸೇ ಓಡುತ್ತಿತ್ತು. ಈಗಿನವು ತಾರೀಖು ಬೇರೆ ಅನ್ನಿಸಿದರೆ ಸಾಕು, ಕಂಪೈಲ್ ಮಾಡುತ್ತವೆ.

ಯಾವುದೂ ಆಗದಿದ್ದರೆ ಟಾಮ್‌ಕ್ಯಾಟ್ ನಿಲ್ಲಿಸಿ, ವರ್ಕ್ ಒಳಗೆ ನಿಮ್ಮ ಅಪ್ಲಿಕೇಶನ್ ಫೋಲ್ಡರ್ ಅಳಿಸಿ, ಮತ್ತೆ ಶುರು ಮಾಡಿ. ಏನೂ ನಷ್ಟವಿಲ್ಲ, ಎಲ್ಲಾ ಮತ್ತೆ ಹುಟ್ಟುತ್ತದೆ.

ಜಾವಾ ಕ್ಲಾಸ್ ಬದಲಿಸಿದ್ರೆ ರೀಸ್ಟಾರ್ಟ್ ಬೇಕು, ಜೆಎಸ್‌ಪಿಗೆ ಬೇಡ. ಎರಡೂ ಕ್ಲಾಸೇ ಅಂದ್ರಲ್ಲ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಜಾವಾದಲ್ಲಿ ಒಮ್ಮೆ ಲೋಡ್ ಆದ ಕ್ಲಾಸನ್ನು ಹಾಗೆ ಬದಲಿಸಲು ಬರುವುದಿಲ್ಲ, ಅದನ್ನು ತಂದ ಕ್ಲಾಸ್ ಲೋಡರ್ ಸಮೇತ ಎಸೆಯಬೇಕು. ವೆಬ್-ಇನ್ಫ್/ಕ್ಲಾಸಸ್ ಒಳಗಿನವೆಲ್ಲ ಒಂದೇ ಲೋಡರ್‌ನಲ್ಲಿ ಇರುತ್ತವೆ, ಅದನ್ನು ಎಸೆದರೆ ಇಡೀ ಅಪ್ಲಿಕೇಶನ್ ಹೋಯಿತು. ಜ್ಯಾಸ್ಪರ್ ಪ್ರತಿ ಜೆಎಸ್‌ಪಿಗೂ ಒಂದೊಂದು ಪುಟ್ಟ ಲೋಡರ್ ಕೊಡುತ್ತದೆ. ಒಂದು ಪುಟ ಬದಲಾದರೆ ಆ ಒಂದನ್ನು ಬಿಸಾಡಿ ಹೊಸದು ತಂದುಕೊಳ್ಳುತ್ತದೆ, ಪಕ್ಕದ ಪುಟಕ್ಕೆ ಗೊತ್ತೇ ಆಗುವುದಿಲ್ಲ.

ಇನ್‌ಕ್ಲೂಡ್ ಮಾಡೋಕೆ ಎರಡು ದಾರಿ ಯಾಕೆ? ಯಾವುದು ಬಳಸ್ಲಿ?

<%@ ಇಂದ ಶುರುವಾಗುವುದು ಜಾವಾ ಬರೆಯುವ ಮುಂಚೆಯೇ ಆ ಫೈಲ್‌ನ ಪಠ್ಯವನ್ನು ತಂದು ಅಂಟಿಸುತ್ತದೆ. ಕೊನೆಗೆ ಒಂದೇ ಕ್ಲಾಸ್. ಹಾಗಾಗಿ ಒಂದರಲ್ಲಿ ಡಿಕ್ಲೇರ್ ಮಾಡಿದ ವೇರಿಯಬಲ್ ಇನ್ನೊಂದರಲ್ಲಿ ಸಿಗುತ್ತದೆ, ಎರಡರಲ್ಲೂ ಒಂದೇ ಹೆಸರಿದ್ದರೆ ಜಗಳವೂ ಆಗುತ್ತದೆ. 'ಜೆಎಸ್‌ಪಿ:ಇನ್‌ಕ್ಲೂಡ್' ಟ್ಯಾಗ್ ಹಾಗಲ್ಲ, ಅಲ್ಲಿ ಎರಡು ಬೇರೆ ಬೇರೆ ಕ್ಲಾಸ್, ಓಡುವಾಗ ಒಂದು ಇನ್ನೊಂದನ್ನು ಕರೆಯುತ್ತದೆ. ಹೆಡರ್, ಫೂಟರ್ ಥರದ ಚಿಕ್ಕ ತುಂಡುಗಳಿಗೆ ಮೊದಲನೆಯದು ಸಾಕು. ಸ್ವಂತ ಲಾಜಿಕ್ ಇರುವ ದೊಡ್ಡ ತುಂಡಿಗೆ ಎರಡನೆಯದು.

ಇದ್ದಕ್ಕಿದ್ದಂತೆ 65535 ಬೈಟ್ ಮೀರಿದೆ ಅಂತ ಎರರ್. ನಾನು ಸೇರಿಸಿದ್ದು ಒಂದೇ ಸಾಲು!

ಆ ಒಂದು ಸಾಲು ಕೊನೆಯ ಹುಲ್ಲುಕಡ್ಡಿ, ಅಷ್ಟೇ. ಜಾವಾದಲ್ಲಿ ಒಂದು ಮೆಥಡ್‌ನ ಬೈಟ್‌ಕೋಡ್ 65535 ಬೈಟ್ ದಾಟುವಂತಿಲ್ಲ. ನಿಮ್ಮ ಪುಟ, ಅಂಟಿಸಿಕೊಂಡ ಇನ್‌ಕ್ಲೂಡ್‌ಗಳ ಸಮೇತ, ಬಹುಪಾಲು ಅದೊಂದೇ _ಜೆಎಸ್‌ಪಿಸರ್ವಿಸ್ ಮೆಥಡ್‌ಗೆ ತುಂಬಿಕೊಳ್ಳುತ್ತದೆ. ದೊಡ್ಡ ತುಂಡುಗಳನ್ನು ಜೆಎಸ್‌ಪಿ:ಇನ್‌ಕ್ಲೂಡ್‌ಗೆ ಅಥವಾ ಟ್ಯಾಗ್ ಫೈಲ್‌ಗೆ ಬದಲಿಸಿದರೆ ಅವು ಬೇರೆ ಕ್ಲಾಸ್ ಆಗಿ ಭಾರ ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ತಾತ್ಕಾಲಿಕ ಪರಿಹಾರ ಬೇಕಿದ್ದರೆ ಜ್ಯಾಸ್ಪರ್‌ನ 'ಮ್ಯಾಪ್ಡ್‌ಫೈಲ್' ಸೆಟ್ಟಿಂಗ್ ಆಫ್ ಮಾಡಿ ನೋಡಿ. ಅದು ಆನ್ ಇದ್ದಾಗ ಎಚ್‌ಟಿಎಂಎಲ್‌ನ ಪ್ರತಿ ಸಾಲಿಗೂ ಒಂದು ರೈಟ್ ಕರೆ, ಆಫ್ ಆದರೆ ಹಲವು ಸಾಲು ಸೇರಿ ಒಂದೇ ಕರೆ. ಉಸಿರಾಡಲು ಜಾಗ ಸಿಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ.

ನನ್ನ ಕ್ಲಾಸ್ ವೆಬ್-ಇನ್ಫ್/ಕ್ಲಾಸಸ್ ಒಳಗೇ ಇದೆ, ಜೆಎಸ್‌ಪಿ ಮಾತ್ರ ಸಿಗ್ತಿಲ್ಲ ಅಂತಿದೆ

ಪ್ಯಾಕೇಜ್ ಹಾಕಿಲ್ಲ ಅನ್ನಿಸುತ್ತದೆ. ನಿಮ್ಮ ಜೆಎಸ್‌ಪಿಯಿಂದ ಆದ ಕ್ಲಾಸ್ ಆರ್ಗ್.ಅಪಾಚೆ.ಜೆಎಸ್‌ಪಿ ಅನ್ನುವ ಪ್ಯಾಕೇಜ್‌ನಲ್ಲಿದೆ. ಪ್ಯಾಕೇಜ್ ಇರುವ ಕ್ಲಾಸ್, ಪ್ಯಾಕೇಜ್ ಇಲ್ಲದ ಕ್ಲಾಸನ್ನು ಇಂಪೋರ್ಟ್ ಮಾಡಲು ಜಾವಾ ಬಿಡುವುದಿಲ್ಲ. ಒಂದು ಪ್ಯಾಕೇಜ್ ಕೊಡಿ, ಮುಗೀತು.

## ಯುಆರ್‌ಎಲ್ ಮತ್ತು ಮ್ಯಾಪಿಂಗ್

ನಾನು ಯಾವ ಮ್ಯಾಪಿಂಗೂ ಬರೆದಿಲ್ಲ, ಆದ್ರೂ ಜೆಎಸ್‌ಪಿ ಓಡುತ್ತೆ. ಹೇಗೆ?

ಮ್ಯಾಪಿಂಗ್ ಅಂದರೆ ಯಾವ ಯುಆರ್‌ಎಲ್ ಯಾವ ಸರ್ವ್‌ಲೆಟ್‌ಗೆ ಹೋಗಬೇಕು ಅನ್ನುವ ನಿಯಮ. ನೀವು ಬರೆದಿಲ್ಲ, ಟಾಮ್‌ಕ್ಯಾಟ್ ಬರೆದಿದೆ. ಕಾನ್ಫ್ ಫೋಲ್ಡರ್‌ನಲ್ಲಿ ಒಂದು ವೆಬ್.ಎಕ್ಸ್‌ಎಂಎಲ್ ಇದೆ. ನಿಮ್ಮ ಅಪ್ಲಿಕೇಶನ್‌ನದ್ದನ್ನು ಓದುವ ಮುಂಚೆ ಎಲ್ಲಾ ಅಪ್ಲಿಕೇಶನ್‌ಗೂ ಅದು ಅನ್ವಯ ಆಗುತ್ತದೆ. ಅದರಲ್ಲಿ ಮುಖ್ಯವಾಗಿ ಇಬ್ಬರು: *.ಜೆಎಸ್‌ಪಿ ಎಲ್ಲವನ್ನೂ ಹಿಡಿಯುವ ಜೆಎಸ್‌ಪಿ ಸರ್ವ್‌ಲೆಟ್, / ಮೇಲೆ ಕೂತಿರುವ ಡೀಫಾಲ್ಟ್ ಸರ್ವ್‌ಲೆಟ್. ಮೊದಲನೆಯದೇ ಜ್ಯಾಸ್ಪರ್‌ನ ಬಾಗಿಲು. ಚಿತ್ರ, ಸಿಎಸ್‌ಎಸ್ ಥರ ಯಾರಿಗೂ ಬೇಡದ್ದೆಲ್ಲ ಎರಡನೆಯದರ ಪಾಲು.

ಒಂದೇ ಯುಆರ್‌ಎಲ್‌ಗೆ ಎರಡು ಮೂರು ಮ್ಯಾಪಿಂಗ್ ಹೊಂದಿದ್ರೆ ಯಾರು ಗೆಲ್ತಾರೆ? ಮೊದಲು ಬರೆದವರಾ?

ಅಲ್ಲ, ಬರೆದ ಕ್ರಮಕ್ಕೆ ಬೆಲೆಯೇ ಇಲ್ಲ. ಮೊದಲು ಅಕ್ಷರಶಃ ಹೊಂದುವುದು. ಅದಿಲ್ಲದಿದ್ದರೆ /* ಇಂದ ಮುಗಿಯುವವುಗಳಲ್ಲಿ ಅತಿ ಉದ್ದದ್ದು. ಆಮೇಲೆ *. ಇಂದ ಶುರುವಾಗುವ ಎಕ್ಸ್‌ಟೆನ್ಶನ್. ಯಾರೂ ಇಲ್ಲದಿದ್ದರೆ ಬರೀ /. ಅಂದರೆ /ಅಂಗಡಿ/ಪಟ್ಟಿ.ಜೆಎಸ್‌ಪಿ ಅನ್ನುವ ವಿಳಾಸಕ್ಕೆ ನೀವು /ಅಂಗಡಿ/* ಅಂತ ಸರ್ವ್‌ಲೆಟ್ ಇಟ್ಟಿದ್ದರೆ, ಫೈಲ್ ನಿಜವಾಗಿ ಅಲ್ಲಿದ್ದರೂ ಜ್ಯಾಸ್ಪರ್‌ಗೆ ಅದು ಸಿಗುವುದೇ ಇಲ್ಲ.

ಎರಡು ಸರ್ವ್‌ಲೆಟ್ ತದ್ರೂಪ ಒಂದೇ ಪ್ಯಾಟರ್ನ್ ಕೇಳಿದರೆ ಯಾರೂ ಗೆಲ್ಲುವುದಿಲ್ಲ, ಅಪ್ಲಿಕೇಶನ್ನೇ ಏಳುವುದಿಲ್ಲ. ಆನೊಟೇಶನ್‌ನಲ್ಲಿ ಮುಂದಿನ ಸ್ಲ್ಯಾಶ್ ಮರೆತರೂ ಅದೇ ಗತಿ. ಇನ್ನು /ಅಂಗಡಿ/*.ಡು ಅಂತ ಎರಡನ್ನೂ ಬೆರೆಸಲು ನಿಯಮದಲ್ಲಿ ಅವಕಾಶ ಇಲ್ಲ.

/ ಮತ್ತು /* ಎರಡೂ ಒಂದೇ ಅಲ್ವಾ? ಸ್ಪ್ರಿಂಗ್‌ನಲ್ಲಿ /* ಹಾಕಿದ್ರೆ ಎಲ್ಲಾ 404

ಈ ಒಂದು ನಕ್ಷತ್ರ ಎಷ್ಟು ಜನರ ಶನಿವಾರ ತಿಂದಿದೆಯೋ. / ಅಂದರೆ 'ಬೇರೆ ಯಾರೂ ತಗೊಳ್ಳದಿದ್ದರೆ ನನಗೆ ಕೊಡಿ'. /* ಅಂದರೆ 'ಎಲ್ಲವೂ ನನಗೇ'. ಮೇಲಿನ ನಿಯಮ ನೆನಪಿಸಿಕೊಳ್ಳಿ, /* ಎರಡನೇ ಸ್ಥಾನದಲ್ಲಿದೆ, *.ಜೆಎಸ್‌ಪಿ ಮೂರನೆಯದು.

ಈಗ ಸ್ಪ್ರಿಂಗ್‌ನಲ್ಲಿ (ಅದೊಂದು ಜಾವಾ ಫ್ರೇಮ್‌ವರ್ಕ್) ಆಗುವುದು ನೋಡಿ. ರಿಕ್ವೆಸ್ಟ್ ಡಿಸ್ಪ್ಯಾಚರ್ ಸರ್ವ್‌ಲೆಟ್‌ಗೆ ಬಂತು, ಕಂಟ್ರೋಲರ್ ಓಡಿತು, 'ಹೋಮ್' ಅನ್ನುವ ವ್ಯೂ ತೋರಿಸು ಅಂದಿತು. ಅದು ವೆಬ್-ಇನ್ಫ್/ವ್ಯೂಸ್/ಹೋಮ್.ಜೆಎಸ್‌ಪಿಗೆ ಫಾರ್ವರ್ಡ್ ಆಗಬೇಕು. ಫಾರ್ವರ್ಡ್ ಆದಾಗಲೂ ಅದೇ ಮ್ಯಾಪಿಂಗ್ ನಿಯಮ ಓಡುತ್ತದೆ. /* ಇರುವುದರಿಂದ ಜ್ಯಾಸ್ಪರ್‌ಗೆ ಹೋಗುವ ಬದಲು ತಿರುಗಿ ಡಿಸ್ಪ್ಯಾಚರ್ ಕೈಗೇ ಬಂತು, ಅದಕ್ಕೆ ಈ ವಿಳಾಸದ ಕಂಟ್ರೋಲರ್ ಗೊತ್ತಿಲ್ಲ, 404. / ಅಂತ ಬದಲಿಸಿ. ಹಾಗೆ ಮಾಡಿದರೆ ಡೀಫಾಲ್ಟ್ ಸರ್ವ್‌ಲೆಟ್‌ನ ಜಾಗ ನೀವು ಕಿತ್ತುಕೊಂಡಂತೆ, ಹಾಗಾಗಿ ಸಿಎಸ್‌ಎಸ್, ಚಿತ್ರಗಳನ್ನು ಯಾರು ಕೊಡಬೇಕು ಅಂತ ಸ್ಪ್ರಿಂಗ್‌ಗೆ ಬೇರೆ ಹೇಳಬೇಕು.

ವೆಬ್-ಇನ್ಫ್ ಒಳಗಿಟ್ಟ ಜೆಎಸ್‌ಪಿ ಬ್ರೌಸರ್‌ನಲ್ಲಿ ತೆರೆಯಲ್ಲ. ಬಗ್ ಅಲ್ವಾ ಇದು?

ಅಲ್ಲ, ಬೇಕಂತಲೇ ಮಾಡಿದ್ದು. ಹೊರಗಿನಿಂದ ನೇರ ಕೇಳಿದರೆ ಆ ಫೋಲ್ಡರ್‌ನ ಯಾವುದೂ ಸಿಗುವುದಿಲ್ಲ, ಒಳಗಿನಿಂದ ಫಾರ್ವರ್ಡ್ ಅಥವಾ ಇನ್‌ಕ್ಲೂಡ್ ಮಾಡಿದರೆ ಸಿಗುತ್ತದೆ. ಲಾಗಿನ್ ನೋಡುವ ಸರ್ವ್‌ಲೆಟ್ ದಾಟದೆ ಯಾರೂ ಪುಟಕ್ಕೆ ನುಗ್ಗದಂತೆ ತಡೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಯುಆರ್‌ಎಲ್ ಕೊನೆಗೆ .ಜೆಎಸ್‌ಪಿ ಕಾಣಬಾರದು. ಫ್ರೇಮ್‌ವರ್ಕ್ ಇಲ್ಲದೆ ಆಗುತ್ತಾ?

ಆಗುತ್ತದೆ. ವೆಬ್.ಎಕ್ಸ್‌ಎಂಎಲ್‌ನ ಸರ್ವ್‌ಲೆಟ್ ಟ್ಯಾಗ್‌ನಲ್ಲಿ ಕ್ಲಾಸ್ ಹೆಸರಿನ ಬದಲು 'ಜೆಎಸ್‌ಪಿ-ಫೈಲ್' ಟ್ಯಾಗ್ ಹಾಕಿ ಫೈಲ್‌ನ ದಾರಿ ಕೊಡಿ, ಆಮೇಲೆ ಅದಕ್ಕೆ ಬೇಕಾದ ಯುಆರ್‌ಎಲ್ ಪ್ಯಾಟರ್ನ್ ಮ್ಯಾಪ್ ಮಾಡಿ. ಅದರ ಜೊತೆ 'ಲೋಡ್-ಆನ್-ಸ್ಟಾರ್ಟಪ್' ಹಾಕಿದರೆ ಸರ್ವರ್ ಏಳುವಾಗಲೇ ಕಂಪೈಲ್ ಕೂಡ ಆಗಿರುತ್ತದೆ.

ಫಾರ್ವರ್ಡ್ ಮಾಡಿದ ಮೇಲೆ ಸಿಎಸ್‌ಎಸ್ ಎಲ್ಲಾ ಹೋಗ್ಬಿಡುತ್ತೆ

ಫಾರ್ವರ್ಡ್ ಆಗಿದ್ದು ಬ್ರೌಸರ್‌ಗೆ ಗೊತ್ತೇ ಇಲ್ಲ. ಅದು ವಿಳಾಸ ಪಟ್ಟಿಯಲ್ಲಿ ಕಾಣುವ ಯುಆರ್‌ಎಲ್ ಇಟ್ಟುಕೊಂಡೇ ಉಳಿದ ದಾರಿ ಲೆಕ್ಕ ಹಾಕುತ್ತದೆ. ಬರೀ / ಇಂದ ಶುರು ಮಾಡಿದರೂ ಆಗದು, ಯಾಕೆಂದರೆ ವಾರ್ ಫೈಲ್‌ನ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಫೈಲ್) ಹೆಸರು ಯುಆರ್‌ಎಲ್‌ನ ಮೊದಲ ತುಂಡಾಗಿ ಸೇರಿಕೊಂಡಿರುತ್ತದೆ, ರೂಟ್.ವಾರ್ ಆಗಿದ್ದರೆ ಮಾತ್ರ ಸೇರುವುದಿಲ್ಲ. 'ಸಿ:ಯುಆರ್‌ಎಲ್' ಟ್ಯಾಗ್ ಬಳಸಿ, ಅದು ಆ ತುಂಡನ್ನು ತಾನೇ ಸೇರಿಸುತ್ತದೆ.

## ಕನ್ನಡದ ಗೋಳು

ಒಂದೇ ಪುಟದಲ್ಲಿ ಶೀರ್ಷಿಕೆ ಏನೇನೋ ಗೀಚಿದಂಗೆ, ಡೇಟಾಬೇಸ್‌ನಿಂದ ಬಂದ ಹೆಸರು ಮಾತ್ರ ????. ಯಾಕೆ ಎರಡು ಥರ?

ಎರಡಕ್ಕೂ ಬೇರು ಒಂದೇ, ರೋಗ ಎರಡು. ಪುಟದಲ್ಲಿ ಏನೂ ಹೇಳದಿದ್ದರೆ ಜೆಎಸ್‌ಪಿ ನಿಯಮದ ಪ್ರಕಾರ ಎನ್‌ಕೋಡಿಂಗ್ ಐಎಸ್‌ಒ-8859-1, ಅಂದರೆ ಪಶ್ಚಿಮ ಯುರೋಪಿನ ಅಕ್ಷರಗಳು. ಫೈಲ್ ಓದುವುದಕ್ಕೂ ಅದೇ, ಬ್ರೌಸರ್‌ಗೆ ಬರೆಯುವುದಕ್ಕೂ ಅದೇ.

ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರ ಮೂರು ಬೈಟ್. ನೀವು ಫೈಲ್‌ನಲ್ಲೇ ಬರೆದ ಶೀರ್ಷಿಕೆಯ ಆ ಮೂರು ಬೈಟ್‌ಗಳನ್ನು ಜ್ಯಾಸ್ಪರ್ ಮೂರು ಬೇರೆ ಅಕ್ಷರ ಅಂದುಕೊಂಡು ಓದಿ, ಮೂರನ್ನೂ ಹಾಗೇ ಕಳಿಸುತ್ತದೆ. ಅದಕ್ಕೇ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ಒಂದು ಸಣ್ಣ ² ಅಥವಾ ³, ಮತ್ತೊಂದು ಏನೋ. ಈ ಸಣ್ಣ ಎರಡು, ಸಣ್ಣ ಮೂರು ಕಂಡರೆ ಅದು ಕೆಟ್ಟುಹೋದ ಕನ್ನಡವೇ, ಯೂನಿಕೋಡ್‌ನಲ್ಲಿ ನಮ್ಮ ಅಕ್ಷರಗಳು ಕೂತಿರುವ ಜಾಗ ಹಾಗಿದೆ. ಡೇಟಾಬೇಸ್‌ನಿಂದ ಬಂದ ಹೆಸರು ಜಾವಾ ಒಳಗೆ ಸರಿಯಾದ ಕನ್ನಡವೇ ಆಗಿರುತ್ತದೆ. ಆದರೆ ಹೊರಗೆ ಬರೆಯುವ ಪೆಟ್ಟಿಗೆಯಲ್ಲಿ 'ಕ' ಅನ್ನುವ ಅಕ್ಷರವೇ ಇಲ್ಲ, ಹಾಗಾಗಿ ಪ್ರಶ್ನೆ ಚಿಹ್ನೆ. ಮೊದಲನೆಯದರಲ್ಲಿ ಬೈಟ್ ಉಳಿದಿದೆ, ಎರಡನೆಯದರಲ್ಲಿ ಅಕ್ಷರವೇ ಸತ್ತಿದೆ.

ಪೇಜ್ ಡೈರೆಕ್ಟಿವ್‌ನಲ್ಲಿ 'ಪೇಜ್ ಎನ್‌ಕೋಡಿಂಗ್' ಯುಟಿಎಫ್-8 ಅಂತ ಕೊಟ್ಟರೆ ಎರಡೂ ಸರಿಹೋಗುತ್ತವೆ. ಆದರೆ ಅಂಟಿಸುವ ಇನ್‌ಕ್ಲೂಡ್ ಫೈಲ್‌ಗೆ ಅದು ತಾನಾಗೇ ಹರಿದು ಬರುವುದಿಲ್ಲ, ಪ್ರತಿ ಫೈಲೂ ತನ್ನದನ್ನು ತಾನೇ ಹೇಳಬೇಕು. ಪುಟ ಸರಿ, ಹೆಡರ್ ಮಾತ್ರ ಗೀಚಾಟ ಅನ್ನುವವರ ಕಥೆ ಇದೇ. ವೆಬ್.ಎಕ್ಸ್‌ಎಂಎಲ್‌ನಲ್ಲಿ 'ಜೆಎಸ್‌ಪಿ-ಪ್ರಾಪರ್ಟಿ-ಗ್ರೂಪ್' ಹಾಕಿ ಎಲ್ಲಾ ಜೆಎಸ್‌ಪಿಗೂ ಒಟ್ಟಿಗೆ ಹೇಳಿಬಿಡುವುದು ಜಾಣತನ. ಇನ್‌ಕ್ಲೂಡ್ ತುಂಡುಗಳ ಎಕ್ಸ್‌ಟೆನ್ಶನ್ ಬೇರೆ ಇದ್ದರೆ ಅದನ್ನೂ ಅಲ್ಲೇ ಸೇರಿಸಿ.

'ಹಳೇ ಸೈಟ್‌ನಲ್ಲಿ ಇದೇನೂ ಮಾಡದೆ ಕನ್ನಡ ಬರ್ತಿತ್ತಲ್ಲ' ಅನ್ನುವವರಿಗೆ: ಅದು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್ ಕಾಲ. ಕಂಪ್ಯೂಟರ್ ಮಟ್ಟಿಗೆ ಅವು ಪಶ್ಚಿಮದ ಅಕ್ಷರಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿಸುತ್ತಿತ್ತು.

ಫಾರ್ಮ್‌ನಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದ್ರೆ ಕೆಡುತ್ತೆ

ಅದು ಬರುವ ದಾರಿ, ಪೇಜ್ ಎನ್‌ಕೋಡಿಂಗ್ ಹೊರಡುವ ದಾರಿ. ಪೋಸ್ಟ್ ಆದರೆ ಮೊದಲ ಪ್ಯಾರಾಮೀಟರ್ ಓದುವ ಮುಂಚೆ ರಿಕ್ವೆಸ್ಟ್‌ಗೆ 'ಸೆಟ್ ಕ್ಯಾರಕ್ಟರ್ ಎನ್‌ಕೋಡಿಂಗ್' ಕರೆಯಿರಿ, ಫಿಲ್ಟರ್‌ನಲ್ಲಿ ಹಾಕಿದರೆ ಒಳ್ಳೆಯದು. ಗೆಟ್ ಆದರೆ ಟಾಮ್‌ಕ್ಯಾಟ್ 8ರಿಂದ ಯುಆರ್‌ಎಲ್‌ಗೆ ಯುಟಿಎಫ್-8 ಮೊದಲಿಂದಲೇ ಇದೆ, ಅದಕ್ಕೂ ಹಳೆಯದಾದರೆ ಸರ್ವರ್.ಎಕ್ಸ್‌ಎಂಎಲ್‌ನ ಕನೆಕ್ಟರ್‌ನಲ್ಲಿ ಹೇಳಬೇಕು.

## ಪ್ರೊಡಕ್ಷನ್‌ನವರಿಗೆ

ಜೆಎಸ್‌ಪಿಗಳನ್ನ ಮೊದಲೇ ಕಂಪೈಲ್ ಮಾಡಿ ಕಳಿಸಬಹುದಾ? ಗಿರಾಕಿ ಮುಂದೆ ಎರರ್ ಬರೋದು ಬೇಡ

ಕಳಿಸಬಹುದು, ಕಳಿಸಲೇಬೇಕು ಅಂತ ನನ್ನ ವಾದ. ಟಾಮ್‌ಕ್ಯಾಟ್ ಜೊತೆಗೇ 'ಜೆಎಸ್‌ಪಿಸಿ' ಅನ್ನುವ ಸಾಧನ ಬರುತ್ತದೆ. ಬಿಲ್ಡ್ ಸಮಯದಲ್ಲಿ ಎಲ್ಲಾ ಜೆಎಸ್‌ಪಿಗಳನ್ನೂ ಜಾವಾ ಮಾಡಿಕೊಡುತ್ತದೆ, ಜೊತೆಗೆ ವೆಬ್.ಎಕ್ಸ್‌ಎಂಎಲ್‌ಗೆ ಸೇರಿಸಲು ಒಂದು ತುಂಡು ಬರೆದುಕೊಡುತ್ತದೆ. ಆ ತುಂಡಿನಲ್ಲಿ /ಇಂಡೆಕ್ಸ್.ಜೆಎಸ್‌ಪಿ ಅನ್ನುವ ವಿಳಾಸ ನೇರ ಇಂಡೆಕ್ಸ್_ಜೆಎಸ್‌ಪಿ ಕ್ಲಾಸ್‌ಗೆ ಮ್ಯಾಪ್ ಆಗಿರುತ್ತದೆ. ಅಕ್ಷರಶಃ ಹೊಂದುವ ಮ್ಯಾಪಿಂಗ್ ಎಲ್ಲರನ್ನೂ ಗೆಲ್ಲುತ್ತದೆ ಅಂದೆನಲ್ಲ, ಹಾಗಾಗಿ *.ಜೆಎಸ್‌ಪಿ ನಿಯಮ ಅಲ್ಲೇ ಇದ್ದರೂ ಜ್ಯಾಸ್ಪರ್‌ನ ಬಾಗಿಲು ಬಡಿಯುವವರೇ ಇಲ್ಲ. ಫೈಲ್ ಬರೆಯಲು ಬಿಡದ ಡಾಕರ್ ಕಂಟೇನರ್‌ಗಳಲ್ಲಿ ವರ್ಕ್ ಫೋಲ್ಡರ್ ತೊಂದರೆ ಕೊಡುವವರಿಗೂ ಇದೇ ದಾರಿ. ಸೆಮಿಕೋಲನ್ ಬಿಟ್ಟಿದ್ದು ಬಿಲ್ಡ್‌ನಲ್ಲೇ ಸಿಕ್ಕಿಬೀಳುತ್ತದೆ, ಅದೇ ದೊಡ್ಡ ಲಾಭ.

ಟಾಮ್‌ಕ್ಯಾಟ್ 9ರಿಂದ 10ಕ್ಕೆ ಹೋದೆ, ಒಂದು ಜೆಎಸ್‌ಪಿನೂ ಕಂಪೈಲ್ ಆಗ್ತಿಲ್ಲ

10ರಲ್ಲಿ ಪ್ಯಾಕೇಜ್ ಹೆಸರೇ ಬದಲಾಗಿದೆ, ಜಾವಾಎಕ್ಸ್.ಸರ್ವ್‌ಲೆಟ್ ಹೋಗಿ ಜಕಾರ್ತಾ.ಸರ್ವ್‌ಲೆಟ್ ಬಂದಿದೆ. ನಿಮ್ಮ ಇಂಪೋರ್ಟ್‌ಗಳು, ಟ್ಯಾಗ್ ಲೈಬ್ರರಿ ಜಾರ್‌ಗಳು ಎಲ್ಲಾ ಹಳೆಯ ಹೆಸರಿನವು. ಹಳೆಯ ವಾರ್ ಫೈಲನ್ನು ವೆಬ್‌ಆ್ಯಪ್ಸ್ ಬದಲು 'ವೆಬ್‌ಆ್ಯಪ್ಸ್-ಜಾವಾಇಇ' ಅನ್ನುವ ಫೋಲ್ಡರ್ ಮಾಡಿ ಅದರಲ್ಲಿಟ್ಟರೆ ಟಾಮ್‌ಕ್ಯಾಟ್ ತಾನೇ ಹೆಸರು ಬದಲಿಸಿಕೊಂಡು ಓಡಿಸಲು ನೋಡುತ್ತದೆ. ಅದು ಸೇತುವೆ, ಮನೆ ಅಲ್ಲ. ಬದಲಿಸಲು ಪುರುಸೊತ್ತು ಇಲ್ಲದಿದ್ದರೆ 9ರಲ್ಲೇ ಇರಿ.

ಸ್ಪ್ರಿಂಗ್ ಬೂಟ್‌ನಲ್ಲಿ ಐಡಿಇನಲ್ಲಿ ಓಡುತ್ತೆ, ಜಾರ್ ಮಾಡಿದ್ರೆ ಜೆಎಸ್‌ಪಿ ಸಿಗಲ್ಲ

ಓಡಿಸಬಹುದಾದ ಜಾರ್‌ನಲ್ಲಿ ಜೆಎಸ್‌ಪಿಗೆ ಬೆಂಬಲ ಇಲ್ಲ ಅಂತ ಸ್ಪ್ರಿಂಗ್ ಬೂಟ್‌ನವರೇ ಹೇಳಿದ್ದಾರೆ. ಪ್ಯಾಕೇಜಿಂಗ್ ವಾರ್ ಮಾಡಿ, 'ಟಾಮ್‌ಕ್ಯಾಟ್-ಎಂಬೆಡ್-ಜ್ಯಾಸ್ಪರ್' ಡಿಪೆಂಡೆನ್ಸಿ ಸೇರಿಸಿ. ಹೊಸ ಪ್ರಾಜೆಕ್ಟ್ ಆಗಿದ್ದರೆ ಜೆಎಸ್‌ಪಿ ಬದಲು ಥೈಮ್‌ಲೀಫ್ ಅನ್ನುವ ಟೆಂಪ್ಲೇಟ್ ಸಾಧನ ನೋಡಿ. ಜೆಎಸ್‌ಪಿ ಬಗ್ಗೆ ಇಷ್ಟುದ್ದ ಬರೆದವನೇ ಹೇಳುತ್ತಿದ್ದೇನೆ, ನಂಬಿ.

ಅಪ್‌ಲೋಡ್ ಫೋಲ್ಡರ್ ವೆಬ್‌ಆ್ಯಪ್ ಒಳಗೇ ಇಟ್ಟಿದ್ದೀನಿ. ಸೆಕ್ಯುರಿಟಿಯವರು ಕೂಗಾಡ್ತಿದಾರೆ, ಅಂಥದ್ದೇನು?

ಕೂಗಾಡಲಿ, ನ್ಯಾಯವಾಗಿದೆ. ಯಾರೋ ಫೋಟೋ ಬದಲು ಒಂದು .ಜೆಎಸ್‌ಪಿ ಫೈಲ್ ಹಾಕಿದರು ಅನ್ನಿ. ಆಮೇಲೆ ಅದರ ವಿಳಾಸ ಬ್ರೌಸರ್‌ನಲ್ಲಿ ತೆರೆದರು. *.ಜೆಎಸ್‌ಪಿ ಹೊಂದಿತು, ಜ್ಯಾಸ್ಪರ್ ಅದನ್ನು ಪ್ರಾಮಾಣಿಕವಾಗಿ ಜಾವಾ ಮಾಡಿ, ಕಂಪೈಲ್ ಮಾಡಿ, ನಿಮ್ಮ ಸರ್ವರ್‌ನ ಹಕ್ಕುಗಳಲ್ಲಿ ಓಡಿಸಿತು. ಪಾಪ, ಅದಕ್ಕೆ ಯಾರು ಬರೆದ ಫೈಲ್ ಅಂತ ಕೇಳುವ ಅಭ್ಯಾಸ ಇಲ್ಲ.

2017ರಲ್ಲಿ ಬಂದ ದೋಷವೂ ಇದೇ ಜಾತಿಯದು. ಡೀಫಾಲ್ಟ್ ಸರ್ವ್‌ಲೆಟ್‌ನ 'ರೀಡ್‌ಓನ್ಲಿ' ತೆಗೆದವರ ಸರ್ವರ್‌ಗೆ ಪುಟ್ ರಿಕ್ವೆಸ್ಟ್‌ನಲ್ಲಿ ಜೆಎಸ್‌ಪಿ ಕಳಿಸಿ ಓಡಿಸಬಹುದಿತ್ತು. 2020ರ ಘೋಸ್ಟ್‌ಕ್ಯಾಟ್ ಅನ್ನುವ ದೋಷ ಎಜೆಪಿ ಕನೆಕ್ಟರ್ (ಮುಂದಿರುವ ಬೇರೆ ವೆಬ್ ಸರ್ವರ್ ಜೊತೆ ಟಾಮ್‌ಕ್ಯಾಟ್ ಮಾತಾಡುವ ಬಾಗಿಲು) ಮೂಲಕ ಬಂತು. ವೆಬ್-ಇನ್ಫ್ ಒಳಗಿನ ಫೈಲ್ ಓದುವುದಷ್ಟೇ ಅಲ್ಲ, ಅಪ್ಲಿಕೇಶನ್ ಒಳಗಿನ ಯಾವ ಫೈಲನ್ನಾದರೂ ಜೆಎಸ್‌ಪಿ ಅಂತ ಓಡಿಸಲು ದಾರಿ ಕೊಟ್ಟಿತು, ಎಕ್ಸ್‌ಟೆನ್ಶನ್ ಏನೇ ಇರಲಿ. ಅಂದರೆ 'ನಾವು ಚಿತ್ರದ ಫೈಲ್ ಮಾತ್ರ ಬಿಡ್ತೀವಿ' ಅನ್ನುವ ಸಮಾಧಾನವೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. 9.0.31, 8.5.51, 7.0.100ರಲ್ಲಿ ಅದನ್ನು ಮುಚ್ಚಿದರು. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಇವತ್ತೇ ಏರಿಸಿ, ಎಜೆಪಿ ಬಳಸದಿದ್ದರೆ ಆ ಕನೆಕ್ಟರ್ ತೆಗೆದೇ ಬಿಡಿ. ಅಪ್‌ಲೋಡ್ ಫೋಲ್ಡರನ್ನು ವೆಬ್‌ಆ್ಯಪ್ಸ್‌ನಿಂದ ಪೂರ್ತಿ ಹೊರಗೆ ಇಡಿ, ಫೈಲ್ ಕೊಡಲು ನಿಮ್ಮದೇ ಒಂದು ಸರ್ವ್‌ಲೆಟ್ ಬರೆಯಿರಿ. ಇಪ್ಪತ್ತು ಸಾಲಿನ ಕೆಲಸ.